ನೂರು ದಿನದ ನಾಣ್ಯ

ಅಪ್ಪ ಅವಳನ್ನು ಕರೆಯುತ್ತಿದ್ದದ್ದು ಭೂತಗನ್ನಡಿ ಅಂತ. ಹೆತ್ತ ಮಗಳಿಗೆ ಇಡುವ ಅಡ್ಡಹೆಸರೇ ಅದು? ಆದರೆ ಅವಳಿಗೆ ಬೇಸರವಿರಲಿಲ್ಲ. ಹತ್ತು ವರ್ಷದವಳಿದ್ದಾಗಲೇ ನಾಣ್ಯದ ಮೇಲೆ ಅಪ್ಪನ ಕಣ್ಣಿಗೆ ಬೀಳದ ಗೀರು ಅವಳ ಕಣ್ಣಿಗೆ ಬೀಳುತ್ತಿತ್ತು. ಅಂದಿನಿಂದ ಭಾನುವಾರ ಬೆಳಿಗ್ಗೆ ಅಪ್ಪ ನಾಣ್ಯ ಹರಡಿ ಕೂರುವ ಮೇಜಿನ ಬಲಗಡೆಯ ಕುರ್ಚಿ ಅವಳದ್ದು. ತಂಗಿ ಅಲ್ಲಿ ಕೂತರೆ ಎಬ್ಬಿಸಿ ಕಳಿಸುತ್ತಿದ್ದಳು.

ಅಪ್ಪ ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ನಿಮಿಷ ತಡವಾಗಿ ಬಂತು ಅಂತ ಹಸಿರು ಶಾಯಿಯಲ್ಲಿ ಬರೆದಿಡುವ ಕೆಲಸ. ಅಂಥವನಿಗೆ ಇನ್ನೂರು ವರ್ಷದ ಹಿಂದಿನ ಫ್ರಾನ್ಸಿನ ಚಿನ್ನದ ನಾಣ್ಯಗಳ ಹುಚ್ಚು ಎಲ್ಲಿಂದ ಅಂಟಿಕೊಂಡಿತೋ! ವರ್ಷಕ್ಕೊಂದು, ಬೋನಸ್ ಬಂದ ವಾರ, ತಪ್ಪದೆ ತಂದು ಇಪ್ಪತ್ತೆರಡಕ್ಕೆ ನಿಲ್ಲಿಸಿದ್ದ. ಎಲ್ಲವೂ ನೆಪೋಲಿಯನ್ ಚಕ್ರವರ್ತಿಯ ಮುಖವಿರುವ ಇಪ್ಪತ್ತು ಫ್ರಾಂಕಿನವು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡವು, ತೂಕ ಆರೂವರೆ ಗ್ರಾಂಗೆ ಒಂದು ಕೂದಲೆಳೆ ಕಮ್ಮಿ. ಒಂದೊಂದಕ್ಕೂ ಒಂದು ಪುಟ್ಟ ಕಾಗದದ ಲಕೋಟೆ, ಮೇಲೆ ಹಸಿರು ಶಾಯಿಯಲ್ಲಿ ಇಸವಿ, ಟಂಕಸಾಲೆಯ ಊರು. ಅಮ್ಮ ಬದುಕಿದ್ದಾಗ, "ನಿಮ್ಮಪ್ಪನಿಗೆ ನನ್ನ ಮುಖಕ್ಕಿಂತ ಆ ಗಂಡಸಿನ ಮುಖ ನೋಡೋದೇ ಇಷ್ಟ," ಎಂದು ಮೂಗು ಮುರಿಯುತ್ತಿದ್ದಳು. ತಂಗಿಯಂತೂ ಇಪ್ಪತ್ತೆರಡು ನಾಣ್ಯಗಳನ್ನೂ ಒಂದೇ ನೋಟದಲ್ಲಿ ಮುಗಿಸಿದ್ದಳು. "ಇಪ್ಪತ್ತೆರಡು ಸಲ ಅದೇ ಮೂಗು," ಅಂದು ಆಡಲು ಹೊರಟುಹೋಗಿದ್ದಳು.

ಭೂತಗನ್ನಡಿಗೆ ಮಾತ್ರ ಇಪ್ಪತ್ತೆರಡೂ ಬೇರೆ ಬೇರೆಯೇ. ಮೊದಮೊದಲ ನಾಣ್ಯಗಳಲ್ಲಿ ಒಂದು ಮುಖಕ್ಕೆ ಚಕ್ರವರ್ತಿ ಅಂತಿದೆ, ತಿರುಗಿಸಿದರೆ ಗಣರಾಜ್ಯ ಅಂತಿದೆ. ಅಪ್ಪನಿಗೆ ಅದನ್ನು ತೋರಿಸುವುದೆಂದರೆ ಹಬ್ಬ. "ನೋಡೇ, ಹೆಂಗೆ ಸುಳ್ಳು ಹೇಳ್ತಾನೆ! ಅದೂ ಚಿನ್ನದಲ್ಲಿ!" ಅಂಚನ್ನು ಮಾತ್ರ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಕೂಡದು, ಉಸಿರು ನಾಣ್ಯದ ಮೇಲೆ ಬೀಳಕೂಡದು, ಎಂದೂ ತೊಳೆಯಕೂಡದು. ಇಷ್ಟನ್ನು ಅವಳು ಓದುಬರಹದ ಜೊತೆಗೇ ಕಲಿತಳು. ಅಚ್ಚೊತ್ತಿದ ನಾಣ್ಯದಲ್ಲಿ ಅಕ್ಷರ ನೆಲದಿಂದ ಗೋಡೆ ಎದ್ದ ಹಾಗೆ ಏಳುತ್ತದೆ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿಯಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದಿರುತ್ತದೆ, ಅಕ್ಷರ ನಾಲ್ಕು ದಿನ ಬಳಸಿದ ಸಾಬೂನಿನ ಮೇಲಿನ ಹೆಸರಿನ ಹಾಗೆ ಮೆತ್ತಗಾಗಿರುತ್ತದೆ. ಚಿನ್ನ ನಿಜವಾದ ಚಿನ್ನವೇ ಇರಬಹುದು, ತೂಕವೂ ಸರಿಯಿರಬಹುದು. ತಕ್ಕಡಿಗೆ ಗೊತ್ತಾಗದ್ದು ಕಣ್ಣಿಗೆ ಗೊತ್ತಾಗಬೇಕು, ಅಷ್ಟೇ ವಿದ್ಯೆ.

ಇಪ್ಪತ್ತೆರಡರಲ್ಲಿ ಒಂದು ಲಕೋಟೆಯ ಮೇಲೆ ಅಪ್ಪ ಎರಡು ಗೆರೆ ಎಳೆದಿದ್ದ. ೧೮೧೫, ಬಯೋನ್. ದ್ವೀಪಕ್ಕೆ ಅಟ್ಟಿದ್ದ ಚಕ್ರವರ್ತಿ ತಪ್ಪಿಸಿಕೊಂಡು ಬಂದು ಮತ್ತೆ ನೂರು ದಿನ ಮೆರೆದನಲ್ಲ, ಆ ನೂರು ದಿನದ ನಾಣ್ಯ. ಅದೇ ವರ್ಷದ್ದು, ಪ್ಯಾರಿಸ್ಸಿನದ್ದು, ಇನ್ನೊಂದೂ ಇತ್ತು. ಅದು ಹುಡುಕಿದರೆ ಸಿಗುವಂಥದ್ದು. ಎರಡಕ್ಕೂ ವ್ಯತ್ಯಾಸ ಇಸವಿಯ ಪಕ್ಕದ ಒಂದು ಸಣ್ಣ ಅಕ್ಷರ ಮಾತ್ರ. ಪ್ಯಾರಿಸ್ಸಿನದಕ್ಕೆ 'ಎ', ಬಯೋನಿನದಕ್ಕೆ 'ಎಲ್'. ಆ 'ಎಲ್' ನೋಡಲು ದೂರದ ಊರುಗಳಿಂದ ಜನ ಬಂದು ಅಪ್ಪನ ಮೇಜಿನ ಮುಂದೆ ಕೈಕಟ್ಟಿ ನಿಂತದ್ದನ್ನು ಅವಳು ಕಂಡಿದ್ದಳು. ಡಿಪೋದಲ್ಲಿ ಕಂಡಕ್ಟರುಗಳೂ ಲೆಕ್ಕಕ್ಕಿಡದಿದ್ದ ಮನುಷ್ಯ ಅಂದು ಮಾತ್ರ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದ.

ಅವಳಿಗೆ ಇಪ್ಪತ್ತಾರು ತುಂಬಿದ ವರ್ಷ ಹರಾಜು ಮನೆಯೊಂದರಲ್ಲಿ ನಾಣ್ಯ ಪರೀಕ್ಷಕರ ಕೆಲಸ ಖಾಲಿಯಾಯಿತು. ಹುಟ್ಟಿದ್ದೇ ಈ ಕೆಲಸಕ್ಕೆ ಎನ್ನುವಂತೆ ಅವಳು ಅರ್ಜಿ ಹಾಕಿದಳು. ಪರೀಕ್ಷೆಗೆ ಹತ್ತು ದಿನವಿತ್ತು. ಅಭ್ಯಾಸಕ್ಕೆಂದು ಆ ಭಾನುವಾರ ಅವಳು ಒಂದೊಂದೇ ಲಕೋಟೆ ಬಿಚ್ಚುತ್ತ ಬಂದು, ಎರಡು ಗೆರೆಯದನ್ನು ತೆರೆದು, ಭೂತಗನ್ನಡಿ ಹಿಡಿದು, ಹಾಗೇ ಕೂತುಬಿಟ್ಟಳು.

"ಅಪ್ಪಾ, ಇದು ನಮ್ದಲ್ಲ."

"ಏನು ನಮ್ದಲ್ಲ?"

"ಅಕ್ಷರ ಮೆತ್ತಗಿದೆ. ಕುತ್ತಿಗೆ ಹತ್ರ ಎರಡು ಗುಳ್ಳೆ ಎದ್ದಿದೆ. ಮೊದಲು ಇರ್ಲಿಲ್ಲ. ಯಾರೋ ಬದಲಾಯಿಸಿದಾರೆ."

ಅಪ್ಪ ಎದ್ದು ಬಂದ. ಭೂತಗನ್ನಡಿ ಅವಳ ಕೈಯಿಂದ ತೆಗೆದುಕೊಂಡ, ಬಹಳ ಹೊತ್ತು ನೋಡಿದ. ಆಮೇಲೆ ನಕ್ಕ. "ಓದಿ ಓದಿ ಕಣ್ಣು ಕೆಟ್ಟಿದೆ ನಿಂದು. ಇಲ್ಲದ್ದೆಲ್ಲ ಕಾಣ್ತಿದೆ."

"ಇಲ್ಲಪ್ಪ, ಸರಿಯಾಗಿ ನೋಡು."

"ನಾನು ಮೂವತ್ತು ವರ್ಷದಿಂದ ನೋಡ್ತಿದೀನಿ. ನೀನು ನನಗೆ ಹೇಳಿಕೊಡ್ತೀಯಾ?"

ಅಪ್ಪ ಅವಳ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅಪ್ಪ ನಾಣ್ಯವನ್ನು ಲಕೋಟೆಗೆ ಹಾಕಿ, "ಇದನ್ನ ಸ್ವಲ್ಪ ದಿನ ಮುಟ್ಟಬೇಡ," ಅಂದ. ಆ ಸ್ವಲ್ಪ ದಿನ ಇಪ್ಪತ್ತಾರು ವರ್ಷ ಆಯಿತು.

ಪರೀಕ್ಷೆಯ ದಿನ ಹಸಿರು ಬಟ್ಟೆಯ ತಟ್ಟೆಯಲ್ಲಿ ಹತ್ತು ನಾಣ್ಯ ಇಟ್ಟಿದ್ದರು. ಅಸಲಿ ಬಲಕ್ಕೆ, ನಕಲಿ ಎಡಕ್ಕೆ ಸರಿಸಬೇಕು. ಒಂಬತ್ತನ್ನು ಅವಳು ನೀರು ಕುಡಿದ ಹಾಗೆ ಸರಿಸಿದಳು. ಹತ್ತನೆಯದು ನೂರು ದಿನದ ನಾಣ್ಯ. ಅದೇ ಮೆತ್ತನೆ ಅಕ್ಷರ, ಅದೇ ಎರಡು ಗುಳ್ಳೆ. ಕೈ ತಾನಾಗಿ ಎಡಕ್ಕೆ ಹೋಯಿತು. ಅಷ್ಟರಲ್ಲಿ ಅಪ್ಪನ ಮಾತು ನೆನಪಾಯಿತು: ಇಲ್ಲದ್ದೆಲ್ಲ ಕಾಣ್ತಿದೆ. ಮನೆಯಲ್ಲಿರುವ ಅಸಲಿಯೂ ಹೀಗೇ ಇದ್ದ ಮೇಲೆ ಇದೂ ಅಸಲಿಯೇ ಇರಬೇಕಲ್ಲ. ಅವಳು ಅದನ್ನು ಬಲಕ್ಕೆ ಸರಿಸಿದಳು. ಹತ್ತಕ್ಕೆ ಹತ್ತು ಹೇಳಿದ ಇನ್ನೊಬ್ಬರಿಗೆ ಕೆಲಸ ಸಿಕ್ಕಿತು. ಅವಳು ತಪ್ಪಿದ್ದು ಯಾವುದು ಅಂತ ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಮತ್ತೆ ಅರ್ಜಿ ಹಾಕಬಹುದಿತ್ತು. ಹಾಕಲಿಲ್ಲ. ಕಣ್ಣನ್ನು ನಂಬಿ ಬದುಕುವ ಕೆಲಸಕ್ಕೆ ಕಣ್ಣನ್ನೇ ನಂಬದವಳು ಏನಂತ ಹೋಗುವುದು? ಕನ್ನಡಕದ ಅಂಗಡಿ ಸೇರಿದಳು. ಗಾಜು ಅರೆದು, ಫ್ರೇಮಿಗೆ ಕೂರಿಸಿ, ಬೇರೆಯವರ ಕಣ್ಣಿಗೆ ಲೋಕವನ್ನು ಚೊಕ್ಕಟವಾಗಿ ತೋರಿಸುವ ಕೆಲಸ. ಒಳ್ಳೆಯ ಕೆಲಸಗಾರ್ತಿ ಅಂತ ಹೆಸರು ಬಂತು. ಮದುವೆ ಆಗಲಿಲ್ಲ, ಯಾಕೆ ಅಂತ ಕೇಳಿದವರಿಗೆ ಬಾಯಿಗೆ ಬಂದದ್ದು ಹೇಳಿ ಸುಮ್ಮನಾಗಿಸಿದಳು. ಭಾನುವಾರ ಅಪ್ಪನ ಪಕ್ಕ ಕೂರುವುದನ್ನು ಮಾತ್ರ ಬಿಡಲಿಲ್ಲ. ಎರಡು ಗೆರೆಯ ಲಕೋಟೆ ಬಂದಾಗ ಅಪ್ಪ ಅದನ್ನು ಬಿಚ್ಚದೆ ಆಚೆಗಿಡುತ್ತಿದ್ದ, ಅವಳೂ ನೋಡದ ಹಾಗೆ ಇರುತ್ತಿದ್ದಳು.

ಅಪ್ಪ ಹೋದ. ಹೋಗಿ ಒಂದು ತಿಂಗಳಿಗೆ ಅಕ್ಕತಂಗಿಯರು ಅವನ ಬಾಡಿಗೆ ಮನೆ ಖಾಲಿ ಮಾಡಲು ಸೇರಿದರು. ತಂಗಿ ಈಗ ನಲವತ್ತೈದರ ಗೃಹಿಣಿ, ಮಗಳು ಕಾಲೇಜಿನಲ್ಲಿ. ನಾಣ್ಯ ಯಾರಿಗೆ ಅಂತ ಅಪ್ಪ ಏನೂ ಬರೆದಿಟ್ಟಿರಲಿಲ್ಲ. "ನೀನೇ ಇಟ್ಕೋ ಅಕ್ಕ, ನಿನಗೇ ತಾನೇ ಇದರ ಮೇಲೆ ಪ್ರಾಣ," ಅಂತ ತಂಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು ಎಂದು ಅವಳು ಆ ಬೆಳಿಗ್ಗೆಯೆಲ್ಲ ಕಾದಳು. ತಂಗಿ ಅನ್ನಲಿಲ್ಲ. "ಹನ್ನೊಂದು ಹನ್ನೊಂದು ಮಾಡ್ಕೊಳ್ಳೋಣ," ಅಂದಳು. "ಸರದಿ ಮೇಲೆ ಒಂದೊಂದು ಲಕೋಟೆ ಎತ್ಕೊಳ್ಳೋಣ. ಎಲ್ಲಾ ಒಂದೇ ತೂಕ ಅಲ್ವಾ?"

ಒಂದೇ ತೂಕ! ನಲವತ್ತೆರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕೂತವಳಿಗೂ, ಒಂದು ದಿನ ಮೂಗು ಎಣಿಸಿ ಎದ್ದುಹೋದವಳಿಗೂ ಒಂದೇ ಪಾಲು.

ಮನೆಯ ಮಾಲೀಕರಿಗೆ ಬೀಗದಕೈ ಕೊಡಲು ತಂಗಿ ಕೆಳಗೆ ಹೋದಳು. ಅಷ್ಟೇ ಹೊತ್ತು ಸಾಕಾಯಿತು. ಅವಳು ೧೮೧೫ರ ಎರಡು ಲಕೋಟೆಗಳನ್ನು ಬಿಚ್ಚಿ, ನಾಣ್ಯಗಳನ್ನು ಅದಲುಬದಲು ಮಾಡಿದಳು. ಬಯೋನಿನದು ಪ್ಯಾರಿಸ್ಸಿನ ಲಕೋಟೆಗೆ, ಪ್ಯಾರಿಸ್ಸಿನದು ಎರಡು ಗೆರೆಯ ಲಕೋಟೆಗೆ. ಭೂತಗನ್ನಡಿ ಹಿಡಿಯಲಿಲ್ಲ, ಹಿಡಿಯುವಷ್ಟು ಸಮಯವೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಮೆಟ್ಟಿಲ ಮೇಲೆ ತಂಗಿಯ ಚಪ್ಪಲಿ ಸದ್ದು ಕೇಳಿದಾಗ ಲಕೋಟೆಗಳೆಲ್ಲ ಸಾಲಾಗಿ ಕೂತಿದ್ದವು.

"ನೀನು ಚಿಕ್ಕೋಳು, ನೀನೇ ಮೊದಲು ಎತ್ಕೋ," ಅಂದಳು ದೊಡ್ಡ ಮನಸ್ಸಿನ ಅಕ್ಕ.

ತಂಗಿ ಒಂದು ಕ್ಷಣವೂ ಹಿಂದುಮುಂದು ನೋಡದೆ ಎರಡು ಗೆರೆಯ ಲಕೋಟೆಗೆ ಕೈ ಹಾಕಿದಳು. ಅಲ್ಲಿಗೆ ಅಕ್ಕನಿಗಿದ್ದ ಒಂದು ಚೂರು ಅಳುಕೂ ಇಳಿದುಹೋಯಿತು. ನೋಡಿದೆಯಾ, ಏನೂ ಗೊತ್ತಿಲ್ಲದವಳು! ಎರಡು ಗೆರೆ ಅಂದರೆ ಏನು ಅಂತ ಚೆನ್ನಾಗಿಯೇ ಗೊತ್ತಿದೆ. ಪ್ಯಾರಿಸ್ ಎಂದು ಬರೆದಿದ್ದ ಲಕೋಟೆಯನ್ನು ಅಕ್ಕ ಮೆಲ್ಲಗೆ ಎತ್ತಿಕೊಂಡಳು.

ಮನೆಗೆ ಬಂದು, ಕಿಟಕಿಯ ಹತ್ತಿರ ಕೂತು, ಇಪ್ಪತ್ತಾರು ವರ್ಷದ ನಂತರ ಆ ನಾಣ್ಯವನ್ನು ಭೂತಗನ್ನಡಿಯ ಕೆಳಗಿಟ್ಟಳು. ಸಾಬೂನು. ಎರಡು ಗುಳ್ಳೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಹಾಳು ಕಣ್ಣು ಇನ್ನೂ ಸರಿಹೋಗಿಲ್ಲ ಎಂದು ತನ್ನನ್ನೇ ಬೈದುಕೊಂಡು, ಸಂಗ್ರಾಹಕರೆಲ್ಲ ತಕ್ಕಡಿ ತಾತ ಎನ್ನುತ್ತಿದ್ದ ಹಳೆಯ ವ್ಯಾಪಾರಿಯ ಅಂಗಡಿಗೆ ಮಾರನೆಯ ದಿನವೇ ಹೋದಳು. ಅಂದು ಹರಾಜು ಮನೆಯಲ್ಲಿ ತಟ್ಟೆ ಹಿಡಿದು ಪರೀಕ್ಷೆ ಮಾಡಿದ್ದವರೂ ಅವರೇ. ಅಸಲಿ ಅಂತ ಅವರೊಬ್ಬರು ಅಂದುಬಿಟ್ಟರೆ ಸಾಕು, ಕಣ್ಣು ಹೋದರೆ ಹೋಗಲಿ.

ಹೆಸರಿಗೆ ತಕ್ಕಡಿ ತಾತನಾದರೂ ಅವರು ತಕ್ಕಡಿ ಮುಟ್ಟಲಿಲ್ಲ. ನಾಣ್ಯವನ್ನು ಬೆಳಕಿಗೆ ಒಮ್ಮೆ ಓರೆಯಾಗಿ ಹಿಡಿದು, ಮತ್ತೆ ಗಾಜಿನ ಮೇಜಿನ ಮೇಲೆ ಇಟ್ಟರು.

"ಓಹೋ, ಇದು ಇನ್ನೂ ಇದೆಯಾ!"

"ಅಂದ್ರೆ?"

"ನಾನೇ ಕೊಟ್ಟಿದ್ದಲ್ವಾ ನಿಮ್ಮಪ್ಪನಿಗೆ. ಅಸಲಿನ ನನಗೆ ಮಾರಿದ ದಿನ. ನನ್ನ ಹತ್ರ ಒಂದೇ ಅಚ್ಚಿನ ಎರಡು ನಕಲಿ ಇದ್ವು. ಒಂದು ಕೊಡಿ, ಜಾಗ ಖಾಲಿ ಬಿದ್ರೆ ದೊಡ್ಡ ಮಗಳಿಗೆ ಗೊತ್ತಾಗಿಬಿಡುತ್ತೆ ಅಂತ ತಗೊಂಡ್ರು. ಯಾಕೆ ಮಾರ್ತಿದೀರಿ ಅಂತ ಕೇಳ್ದೆ. ಬಾಯಿ ಬಿಡ್ಲಿಲ್ಲ. ಇದೇ ಕುರ್ಚಿಯಲ್ಲಿ ಕೂತು ಅತ್ರು ಮನುಷ್ಯ."

"ಇನ್ನೊಂದು ನಕಲಿ?"

"ಅದನ್ನೇ ತಾನೇ ನಿಮ್ಮ ಪರೀಕ್ಷೆಗೆ ಇಟ್ಟಿದ್ದು. ನಿಜ ಹೇಳ್ತೀನಮ್ಮಾ, ಕೆಲಸ ನಿಮಗೇ ಅಂತ ನಾವೆಲ್ಲ ಮಾತಾಡ್ಕೊಂಡಿದ್ವಿ. ಉಳಿದ ಒಂಬತ್ತು ಎಷ್ಟು ಚೆಂದ ಹೇಳಿದ್ರಿ! ಅಷ್ಟು ಎದ್ದು ಕಾಣೋದು ಹೆಂಗೆ ತಪ್ಪಿಸಿಕೊಳ್ತೋ ನಿಮ್ಮ ಕಣ್ಣಿಂದ, ಇವತ್ತಿಗೂ ನನಗೆ ಅರ್ಥ ಆಗಿಲ್ಲ."

ಅವಳಿಗೆ ಅರ್ಥವಾಗಿತ್ತು. ಬೀದಿಗೆ ಇಳಿದು ಎಷ್ಟು ದೂರ ನಡೆದಳೋ ಅವಳಿಗೇ ಗೊತ್ತಿಲ್ಲ. ಅವಳ ಕಣ್ಣು ಸರಿಯಾಗಿತ್ತು. ಇಪ್ಪತ್ತಾರು ವರ್ಷ, ಪ್ರತಿ ಭಾನುವಾರ, ಪಕ್ಕದ ಕುರ್ಚಿಯಲ್ಲಿ ಕೂತಿದ್ದವನಿಗೆ ಅದು ಸರಿಯಾಗಿದೆ ಅಂತ ಗೊತ್ತಿತ್ತು. ಅವಳು ಊರವರ ಕನ್ನಡಕಕ್ಕೆ ಗಾಜು ಅರೆಯುತ್ತ ಮುದಿಯಾಗುವುದನ್ನು ಅವನು ನೋಡುತ್ತ ಕೂತಿದ್ದ. ಸತ್ತವನ ಮೇಲೆ ಕೂಗಾಡುವುದಾದರೂ ಹೇಗೆ? ಯಾರ ಹತ್ತಿರ ಹೇಳಿಕೊಂಡರೂ ಮೊದಲ ಪ್ರಶ್ನೆ ಒಂದೇ: ಆ ನಾಣ್ಯ ನಿನ್ನ ಕೈಗೆ ಹೇಗೆ ಬಂತು, ತಂಗಿಯ ಪಾಲಿಗಲ್ಲವಾ ಹೋಗಿದ್ದು?

ಆ ವಾರವೇ ತಂಗಿ ಕನ್ನಡಕದ ಅಂಗಡಿಗೆ ಬಂದಳು. ಪುಸ್ತಕದ ಅಕ್ಷರ ಕಾಣುತ್ತಿಲ್ಲ, ವಯಸ್ಸಾಯಿತು ನೋಡು, ಅಂತ ನಗುತ್ತ ಕೂತಳು. ಅಕ್ಕ ಅವಳ ಮೂಗಿನ ಮೇಲೆ ಟ್ರಯಲ್ ಫ್ರೇಮ್ ಕೂರಿಸಿ, ಪೆಟ್ಟಿಗೆಯಿಂದ ಒಂದೊಂದೇ ಗಾಜು ಹಾಕಿ ತೆಗೆದು, ಪ್ಲಸ್ ಒಂದೂವರೆಗೆ ನಿಲ್ಲಿಸಿದಳು. ಓದುವ ಚೀಟಿಯ ಕೊನೆಯ ಸಾಲನ್ನು ತಂಗಿ ಗಿಳಿಯ ಹಾಗೆ ಓದಿದಳು.

"ಅಬ್ಬಾ, ಇರುವೆ ಕಾಲೂ ಕಾಣುತ್ತೆ ಇದ್ರಲ್ಲಿ!" ಅಂದವಳೇ ಕೈಚೀಲ ತೆಗೆದು, ಎರಡು ಗೆರೆಯ ಲಕೋಟೆಯನ್ನು ಗಾಜಿನ ಮೇಜಿನ ಮೇಲೆ ಇಟ್ಟಳು. "ಅಕ್ಕ, ನಿನಗೊಂದು ವಿಷಯ ಹೇಳ್ಬೇಕು. ಅಪ್ಪ ಇರೋವರೆಗೂ ಆಗ್ಲಿಲ್ಲ. ಬೈಯ್ಯೋ ಹಾಗಿದ್ರೆ ನನಗೆ ಬೈ, ಅಪ್ಪನಿಗೆ ಬೇಡ. ಇದು ನಕಲಿ."

ಅಕ್ಕ ಕೈಯಲ್ಲಿದ್ದ ಗಾಜನ್ನು ಪೆಟ್ಟಿಗೆಗೆ ಇಳಿಸಿದಳು.

ತಂಗಿ ತಲೆ ತಗ್ಗಿಸಿಕೊಂಡೇ ಹೇಳಿದಳು. ಹತ್ತೊಂಬತ್ತರ ವಯಸ್ಸಿನಲ್ಲಿ ಗೆಳತಿಯ ಸ್ಕೂಟರ್ ಓಡಿಸಿಕೊಂಡು ಹೋಗಿ, ರಸ್ತೆ ದಾಟುತ್ತಿದ್ದ ಒಬ್ಬ ಮುದುಕನಿಗೆ ಗುದ್ದಿದ್ದಳು. ಲೈಸೆನ್ಸ್ ಇರಲಿಲ್ಲ. ಮುದುಕನ ಕಾಲು ತೆಗೆಯಬೇಕಾಯಿತು. ಅಪ್ಪ ಆ ಮನೆಯವರ ಕಾಲು ಹಿಡಿದು, ಮಗಳನ್ನು ಜೈಲಿಗೆ ಕಳಿಸಬೇಡಿ ಎಂದು ಬೇಡಿ, ನಾಣ್ಯ ಮಾರಿ ತಂದದ್ದನ್ನು ಅವರ ಕೈಗಿಟ್ಟು ಬಂದಿದ್ದ. ಆ ವರ್ಷ ತಂಗಿಯ ಕೈಗೆ ಪ್ಲಾಸ್ಟರ್ ಇದ್ದದ್ದು ಅಕ್ಕನಿಗೆ ನೆನಪಿತ್ತು. ಕಾಲೇಜಿನ ಮೆಟ್ಟಿಲಿಂದ ಬಿದ್ದೆ ಅಂದಿದ್ದಳು.

"ನಿನಗೆ ಹೇಳಿಬಿಡ್ತೀನಿ ಅಂತಿದ್ದ ಅಪ್ಪ. ನೀನು ನನ್ನ ಮುಖ ನೋಡಲ್ಲ ಅಂತ ಹೆದರಿ ನಾನೇ ಆಣೆ ಹಾಕಿಸಿಕೊಂಡೆ. ಅವಳ ಕಣ್ಣಿಗೆ ಮಣ್ಣೆರಚೋದು ನನ್ನಿಂದ ಆಗಲ್ಲ ಕಣೇ ಅಂತಿದ್ದ. ಮೊದಲನೇ ದಿನವೇ ಹಿಡಿದುಬಿಟ್ಟೆಯಂತಲ್ಲ ನೀನು!"

"ಹೂಂ," ಅಂದಳು ಅಕ್ಕ.

"ಅದಕ್ಕೇ ಅವತ್ತು ನಾನು ಮೊದಲು ಇದನ್ನೇ ಎತ್ಕೊಂಡಿದ್ದು. ಎಲ್ಲಾ ನಿನಗೇ ಕೊಡೋಣ ಅಂತಿದ್ದೆ. ಕೊಟ್ರೆ ಇದೂ ನಿನ್ನ ಹತ್ರ ಬರುತ್ತಲ್ಲ, ಬಿಚ್ಚಿ ನೋಡಿದ್ರೆ ಅಪ್ಪನ ಮೇಲೆ ಎಷ್ಟು ನೊಂದ್ಕೊಳ್ತೀಯೋ ಅನ್ನಿಸ್ತು. ನಕಲಿ ನನ್ನ ಪಾಲಿಗಿರ್ಲಿ, ನಿನಗೆ ಬರೋದೆಲ್ಲ ಅಸಲಿ ಆಗಿರ್ಲಿ ಅಂತ ಅರ್ಧ ಅರ್ಧ ಅಂದೆ. ಉಳಿದ ಹತ್ತೂ ತಂದಿದೀನಿ, ತಗೋ." ಹತ್ತು ಲಕೋಟೆಗಳ ಕಟ್ಟನ್ನು ಅವಳು ಅಕ್ಕನ ಕಡೆಗೆ ತಳ್ಳಿದಳು.

ಈಗ ಹೇಳಿಬಿಡಬಹುದಿತ್ತು. ಅಕ್ಕನ ಬಾಯಿ ತೆರೆಯಿತು ಕೂಡ. ಆದರೆ ಹೇಳುವುದೇನು? ನೀನು ಬೀಗದಕೈ ಕೊಡಲು ಹೋದಾಗ ನಾನು ಕದ್ದೆ, ನೀನು ನನ್ನಿಂದ ದೂರ ಇಟ್ಟದ್ದನ್ನೇ ಕದ್ದೆ ಅಂತ? ಐವತ್ತೆರಡು ವರ್ಷದ ಅವಳಿಗೆ ನೆಲಕ್ಕಿಳಿದು ಹೋಗಬೇಕು ಅನ್ನಿಸಿತು. ಅದರ ಜೊತೆಗೇ, ಇವಳಿಗಾಗಿಯಲ್ಲವೇ ನನ್ನ ಕಣ್ಣು ಕಿತ್ತದ್ದು ಎನ್ನುವ ಸಿಟ್ಟೂ ಬಂತು. ಎರಡರಲ್ಲಿ ಯಾವುದು ಮೇಲೆ ಬಂತೋ, ಬಾಯಿ ಮುಚ್ಚಿಕೊಂಡಿತು.

ತಂಗಿ ಅಷ್ಟರಲ್ಲಿ ನಾಣ್ಯವನ್ನು ಲಕೋಟೆಯಿಂದ ಸುರಿದು ಕಣ್ಣಿನ ಹತ್ತಿರ ಹಿಡಿದಿದ್ದಳು. ಟ್ರಯಲ್ ಫ್ರೇಮ್ ಇನ್ನೂ ಮೂಗಿನ ಮೇಲಿತ್ತು. "ಅಲ್ಲ ಅಕ್ಕ, ಇದು ನಕಲಿ ಅಂತ ಹೆಂಗೆ ಹೇಳ್ತಾರೆ? ಅಪ್ಪ ಅಕ್ಷರ ಮೆತ್ತಗಿರುತ್ತೆ ಅಂತಿದ್ದ. ನನಗೆ ಒಂದೊಂದು ಅಕ್ಷರವೂ ಕೊರೆದಿಟ್ಟ ಹಾಗೆ ಕಾಣ್ತಿದೆಯಲ್ಲೇ."

ಕೊರೆದಿಟ್ಟ ಹಾಗೆಯೇ ಇತ್ತು. ಪ್ಯಾರಿಸ್ಸಿನ ನಾಣ್ಯ, ಇನ್ನೂರು ವರ್ಷದಿಂದ ಒಂದು ಅಕ್ಷರವೂ ಸವೆಯದ ಅಸಲಿ. ಜೀವನದಲ್ಲಿ ಮೊದಲ ಸಲ ತಂಗಿ ಒಂದು ನಾಣ್ಯವನ್ನು ಸರಿಯಾಗಿ ನೋಡಿದ್ದಳು.

"ನಂಬರ್ ಇನ್ನೂ ಸರಿ ಕೂತಿಲ್ಲ. ಇರು," ಅಂದಳು ಅಕ್ಕ. ಪ್ಲಸ್ ಒಂದೂವರೆಯ ಗಾಜುಗಳನ್ನು ತೆಗೆದಳು. ಪೆಟ್ಟಿಗೆಯ ಇನ್ನೊಂದು ಸಾಲಿನಿಂದ, ದೂರದ್ದು ಕಾಣದವರಿಗೆ ಹಾಕುವ ಮೈನಸ್ ಮುಕ್ಕಾಲಿನವನ್ನು ಎತ್ತಿ, ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಇಳಿಸಿದಳು. "ಈಗ ನೋಡು. ಅಂಚಿನ ಅಕ್ಷರ ನೋಡು."

ತಂಗಿ ನಾಣ್ಯವನ್ನು ಹತ್ತಿರ ತಂದಳು, ದೂರ ಹಿಡಿದಳು, ಹುಬ್ಬು ಗಂಟಿಕ್ಕಿದಳು. "ಅಯ್ಯೋ, ಹೌದಲ್ಲೇ! ಎಲ್ಲಾ ಕಲಸಿಕೊಂಡ ಹಾಗಿದೆ. ಈಗ ಗೊತ್ತಾಯ್ತು ನೋಡು."

"ಅದೇ," ಅಂದಳು ಅಕ್ಕ.

"ಇದನ್ನ ಇಟ್ಕೊಂಡು ಏನ್ ಮಾಡ್ಲಿ ಅಕ್ಕ? ನೋಡಿದಾಗೆಲ್ಲ ಆ ಮುದುಕನ ಕಾಲೇ ನೆನಪಾಗುತ್ತೆ. ಚಿನ್ನ ಅಂತೂ ನಿಜ ಅಂತಿದ್ದ ಅಪ್ಪ. ಕರಗಿಸಿ ಮಗಳಿಗೆ ಒಂದು ಉಂಗುರ ಮಾಡಿಸಿಬಿಡ್ಲಾ? ಎದುರುಗಡೆನೇ ಅಕ್ಕಸಾಲಿ ಅಂಗಡಿ ಇದೆಯಲ್ಲ." ಫ್ರೇಮಿನ ಹಿಂದಿನಿಂದ ಮಸುಕಾದ ಕಣ್ಣುಗಳನ್ನು ಅಕ್ಕನ ಕಡೆ ಎತ್ತಿದಳು. "ನೀನು ಬೇಡ ಅಂದ್ರೆ ಮಾಡಿಸಲ್ಲ. ನಿನಗಿಂತ ಗೊತ್ತಿರೋರು ಯಾರಿದಾರೆ?"

ರಸ್ತೆಯಾಚೆ ಅಕ್ಕಸಾಲಿ ಬಾಗಿಲು ತೆರೆದು ಕೂತಿದ್ದ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾಳೆ. ಅಕ್ಕ ತಂಗಿಯ ಮೂಗಿನ ಮೇಲಿಂದ ಫ್ರೇಮ್ ಬಿಡಿಸಿ, ಗಾಜುಗಳನ್ನು ಒರೆಸಿ, ಪೆಟ್ಟಿಗೆಯಲ್ಲಿ ಅವುಗಳ ಜಾಗಕ್ಕೆ ಸೇರಿಸಿದಳು.

"ಮಾಡಿಸು," ಅಂದಳು.